ಸ್ವಭಾಷೆ ಮತ್ತು ಪರಭಾಷೆಗಳ ವಾಚನ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ವಿದ್ಯಾರ್ಥಿಗಳ ಮನೋಭಾವ

೧

ಕಾಲೇಜಿನ ಅಧ್ಯಾಪಕರು ಒಂದೆಡೆ ಸೇರಿದಾಗ ತಪ್ಪದೆ ಕೇಳಿಬರುವ ಎರಡು ದೂರುಗಳುಂಟು. ವಿದ್ಯಾರ್ಥಿಗಳು ಕನ್ನಡವನ್ನು ಓದುವುದಿಲ್ಲವೆಂದು ಕನ್ನಡದ ಅಧ್ಯಾಪಕರು ಹೇಳುತ್ತಾರೆ. ವಿದ್ಯಾರ್ಥಿಗಳು ಇಂಗ್ಲಿಷನ್ನು ಓದಲಾರರೆಂದು ಇಂಗ್ಲಿಷಿನ ಅಧ್ಯಾಪಕರು ಹೇಳುತ್ತಾರೆ. ಮೊದಲನೆಯದು ಇಚ್ಛೆಯ ಕೊರತೆಯನ್ನು ಕುರಿತ ಮಾತು, ಎರಡನೆಯದು ಶಕ್ತಿಯ ಕೊರತೆಯನ್ನು ಕುರಿತ ಮಾತು. ಈ ಎರಡು ದೂರುಗಳನ್ನು ಬೇರೆಬೇರೆಯಾಗಿಟ್ಟು ಬೇರೆಬೇರೆ ಪರಿಹಾರಗಳನ್ನು ಸೂಚಿಸುವುದು ವಾಡಿಕೆಯಾಗಿದೆ. ಒಂದಕ್ಕೆ ಭಾಷಾಭಿಮಾನದ ಭಾಷಣ, ಇನ್ನೊಂದಕ್ಕೆ ವ್ಯಾಕರಣದ ವಿಶೇಷ ತರಗತಿ. ಇವೆರಡೂ ಬಹುಮಟ್ಟಿಗೆ ನಿಷ್ಫಲವಾಗಿರುವುದನ್ನು ನಾವೆಲ್ಲರೂ ಕಂಡಿದ್ದೇವೆ.

ಈ ಎರಡು ದೂರುಗಳ ಮೂಲ ಒಂದೇ ಎಂಬುದನ್ನು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ಸೀಮೆಯನ್ನು ಉದಾಹರಣೆಯಾಗಿಟ್ಟುಕೊಂಡು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ. ಇಲ್ಲಿ ಅಂಕಿಸಂಖ್ಯೆಗಳ ಸಮೀಕ್ಷೆಯನ್ನು ಕೊಡುವ ಹವಣಿಲ್ಲ. ಇತಿಹಾಸದ ಅಧ್ಯಾಪಕನು ಭಾಷಾಬೋಧನೆಯ ವಿಷಯದಲ್ಲಿ ಮಾತನಾಡುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಓದಿನ ವಿಷಯದಲ್ಲಿ ಒಂದು ಸೀಮೆಯ ಜನರು ತಾಳುವ ಮನೋಭಾವವು ಒಂದು ತಲೆಮಾರಿನಲ್ಲಿ ಹುಟ್ಟುವುದಲ್ಲ. ಅದು ರಾಜ್ಯವ್ಯವಸ್ಥೆ, ಮಠಮಂದಿರ, ಕಚೇರಿ, ಶಾಲೆಗಳ ಮೂಲಕ ನಿಧಾನವಾಗಿ ಬೆಳೆದು ಬರುವಂಥದು. ಆದುದರಿಂದ ಅದು ಇತಿಹಾಸದ ವಿಷಯವೂ ಹೌದು.

೨

ಮೊದಲು 'ಸ್ವಭಾಷೆ' ಎಂಬ ಮಾತನ್ನೇ ಪರಿಶೀಲಿಸಬೇಕು. ನಮ್ಮ ಪಠ್ಯಕ್ರಮಗಳಲ್ಲಿ ಈ ಮಾತು ಬಹು ಸರಳವಾಗಿ ಬಳಕೆಯಾಗುತ್ತದೆ: ಕರ್ನಾಟಕದ ವಿದ್ಯಾರ್ಥಿಗೆ ಕನ್ನಡವು ಸ್ವಭಾಷೆ, ಇಂಗ್ಲಿಷ್ ಪರಭಾಷೆ. ಪ್ರಸ್ತುತ ಸೀಮೆಯಲ್ಲಿ ವಸ್ತುಸ್ಥಿತಿಯು ಹೀಗಿಲ್ಲ. ಆಳಂದ ಮತ್ತು ಅಫಜಲಪುರಗಳು ಮಹಾರಾಷ್ಟ್ರದ ಗಡಿಗೆ ಹತ್ತಿದ ತಾಲೂಕುಗಳು. ಅಲ್ಲಿ ಮನೆಯಲ್ಲಿ ಮರಾಠಿಯನ್ನಾಡುವ ಕುಟುಂಬಗಳಿರುವಂತೆಯೇ ಗಡಿಯಾಚೆ ಅಕ್ಕಲಕೋಟೆ, ಸೊಲ್ಲಾಪುರಗಳ ಕಡೆ ಮನೆಯಲ್ಲಿ ಕನ್ನಡವನ್ನಾಡುವ ಕುಟುಂಬಗಳಿವೆ. ಮುಸಲ್ಮಾನ ವಿದ್ಯಾರ್ಥಿಯು ಮನೆಯಲ್ಲಿ ಆಡುವುದು ದಖ್ಖನಿ, ಶಾಲೆಯಲ್ಲಿ ಓದುವುದು ಲಖನೌ-ದೆಹಲಿಗಳ ಶಿಷ್ಟ ಉರ್ದು. ತಾಂಡಾದಿಂದ ಬರುವ ಲಂಬಾಣಿ ವಿದ್ಯಾರ್ಥಿಯ ಮನೆಮಾತಾದ ಗೋರಬೋಲಿಗೆ ಸ್ವಂತ ಲಿಪಿಯಿಲ್ಲ. ಆತನ ಪಾಲಿಗೆ ಶಾಲೆಯ ಕನ್ನಡವೇ ಮೊದಲನೆಯ ಪರಭಾಷೆ.

ಇವರನ್ನೆಲ್ಲ ಬಿಟ್ಟು, ಮನೆಯಲ್ಲಿ ಕನ್ನಡವನ್ನೇ ಆಡುವ ಜೇವರ್ಗಿಯ ಒಕ್ಕಲುಮಗನನ್ನು ತೆಗೆದುಕೊಂಡರೂ ಸಮಸ್ಯೆಯು ಮುಗಿಯುವುದಿಲ್ಲ. ಆತನು 'ಹ್ಯಾಂಗದೀರಿ', 'ಓದ್ಲಕತ್ತೀನಿ' ಎಂದು ಮಾತನಾಡುವವನು. ಪುಸ್ತಕವನ್ನು ತೆರೆದರೆ ಅಲ್ಲಿ 'ಹೇಗಿದ್ದೀರಿ', 'ಓದುತ್ತಿದ್ದೇನೆ' ಎಂದಿರುತ್ತದೆ. ಅಚ್ಚಿನ ಕನ್ನಡವು ಮೈಸೂರು, ಧಾರವಾಡಗಳಲ್ಲಿ ರೂಪುಗೊಂಡು ಇಲ್ಲಿಗೆ ಬಂದುದು. ಅದರ ಮೇಲೆ ಪದವಿ ತರಗತಿಯಲ್ಲಿ ಐಚ್ಛಿಕ ಕನ್ನಡವನ್ನು ಆರಿಸಿಕೊಂಡರೆ ಪಂಪ-ರನ್ನರ ಹಳಗನ್ನಡವು ಎದುರಾಗುತ್ತದೆ. ಅದನ್ನು ಟೀಕೆಯಿಲ್ಲದೆ ಓದುವುದು ಇಂಗ್ಲಿಷ್ ಕಾದಂಬರಿಯನ್ನು ಓದುವುದಕ್ಕಿಂತ ಸುಲಭವೆಂದು ಯಾರೂ ಹೇಳಲಾರರು. ಹೀಗಿರುವಾಗ 'ನಿನ್ನ ಭಾಷೆಯನ್ನು ನೀನು ಓದುವುದಿಲ್ಲವೇಕೆ?' ಎಂಬ ನಮ್ಮ ಪ್ರಶ್ನೆಗೆ ಆ ವಿದ್ಯಾರ್ಥಿಯು ಮೌನವಾಗಿರುವುದು ಸಹಜ. ಪುಸ್ತಕದಲ್ಲಿರುವುದು ತನ್ನ ಭಾಷೆಯೆಂದು ಆತನಿಗೆ ಇನ್ನೂ ಅನಿಸಿಲ್ಲ.

ಅನಿಸುವಂತೆ ಮಾಡುವ ಕೃತಿಗಳು ಇಲ್ಲವೆಂದಲ್ಲ. ಕಲಬುರಗಿ ಜಿಲ್ಲೆಯ ಸಾವಳಗಿಯಲ್ಲಿ ಹುಟ್ಟಿದ ಗೀತಾ ನಾಗಭೂಷಣ (೧೯೪೨-೨೦೨೦) ಅವರ ಕಾದಂಬರಿಗಳಲ್ಲಿ ಈ ಸೀಮೆಯ ದುಡಿಯುವ ಜನರ ಮಾತು ಇದ್ದಂತೆಯೇ ಅಚ್ಚಾಗಿದೆ. ಅವರ 'ಬದುಕು' ಕಾದಂಬರಿಗೆ ೨೦೦೪ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯು ಬಂದಿತು. ೨೦೧೦ರಲ್ಲಿ ಗದಗಿನಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿದ್ದರು. ಇಂತಹ ಪುಸ್ತಕದ ಎರಡು ಪುಟಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದಾಗ ಹಿಂದಿನ ಬೆಂಚಿನ ಹುಡುಗರು ನಗುತ್ತಾರೆ. ಆ ನಗೆಯು ಅವಹೇಳನದ್ದಲ್ಲ, ಗುರುತು ಹಿಡಿದವರ ನಗೆ. ಅದು ಓದಿನ ಮೊದಲ ಮೆಟ್ಟಿಲು. ಆದರೆ ಆ ನಗೆಯ ಹಿಂದೆಯೇ 'ಇದೂ ಪುಸ್ತಕದ ಭಾಷೆಯೇ?' ಎಂಬ ಸಂಶಯವೂ ಇರುವುದನ್ನು ಗಮನಿಸಬೇಕು. ಸ್ವಂತ ಮಾತಿಗೆ ಅಚ್ಚಿನ ಯೋಗ್ಯತೆಯಿಲ್ಲವೆಂಬ ಈ ಭಾವನೆ ಎಲ್ಲಿಂದ ಬಂದಿತು?

೩

ಇದಕ್ಕೆ ಉತ್ತರವನ್ನು ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ. ಈ ಜಿಲ್ಲೆಯಲ್ಲಿ ವಿದ್ಯೆಯ ಭಾಷೆ ಮತ್ತು ಮನೆಯ ಭಾಷೆ ಬೇರೆಬೇರೆಯಾಗಿದ್ದುದು ಇಂದಿನ ಮಾತಲ್ಲ. ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನವನ್ನು ಕುರಿತ ಕ್ರಿ. ಶ. ೧೦೫೮ರ ಶಾಸನವು ಅಲ್ಲಿ ವೇದವನ್ನು ಓದುವ ಇನ್ನೂರು ಮಂದಿಗೂ ಶಾಸ್ತ್ರವನ್ನು ಓದುವ ಐವತ್ತು ಮಂದಿಗೂ ಏರ್ಪಾಡು ಮಾಡಿದುದನ್ನು ತಿಳಿಸುತ್ತದೆ; ಗ್ರಂಥಭಂಡಾರವನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗಳಿದ್ದರೆಂಬ ಸಂಗತಿಯೂ ಅದರಲ್ಲಿದೆ. ಅಲ್ಲಿಯ ಓದು ಸಂಸ್ಕೃತದಲ್ಲಿ ನಡೆಯುತ್ತಿತ್ತು. ಆದರೆ ಆ ಕಾಲದಲ್ಲಿ ಸಂಸ್ಕೃತದ ಓದು ಕನ್ನಡದ ಬರವಣಿಗೆಯನ್ನು ಒಣಗಿಸಲಿಲ್ಲವೆಂಬುದು ಮುಖ್ಯವಾದ ಅಂಶ. ಅದಕ್ಕೆ ಎರಡು ಶತಮಾನಗಳ ಹಿಂದೆಯೇ ಇದೇ ಜಿಲ್ಲೆಯ ಮಾನ್ಯಖೇಟದಲ್ಲಿ ರಾಷ್ಟ್ರಕೂಟ ನೃಪತುಂಗನ ಆಶ್ರಯದಲ್ಲಿ 'ಕವಿರಾಜಮಾರ್ಗ'ವು ಹುಟ್ಟಿತ್ತು. ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದಾದ ಅದು ದಂಡಿಯ 'ಕಾವ್ಯಾದರ್ಶ'ದ ಓದಿನಿಂದ ಬೆಳೆದುದೆಂಬುದನ್ನು ವಿದ್ವಾಂಸರು ವಿವರವಾಗಿ ತೋರಿಸಿದ್ದಾರೆ. ಪರಭಾಷೆಯ ಗ್ರಂಥವೊಂದನ್ನು ಓದಿ ಸ್ವಭಾಷೆಯ ಮಾರ್ಗವನ್ನು ನಿರ್ಣಯಿಸಿದ ಕೃತಿಯದು. ವಿಶೇಷವಾಗಿ ಓದದೆಯೂ ಕನ್ನಡನಾಡಿನ ಜನರು ಕಾವ್ಯಪ್ರಯೋಗದಲ್ಲಿ ನಿಪುಣರೆಂದು ಅದೇ ಕೃತಿಯು ಕೊಂಡಾಡುತ್ತದೆ. ಈ ಪ್ರಶಂಸೆಯನ್ನು ನಾವು ಸಭೆಗಳಲ್ಲಿ ಮೇಲಿಂದ ಮೇಲೆ ಸ್ಮರಿಸುತ್ತೇವೆ. ಅದನ್ನು ಬರೆದ ಕವಿಯು ಸ್ವತಃ ಎರಡು ಭಾಷೆಗಳಲ್ಲಿ ಚೆನ್ನಾಗಿ ಓದಿಕೊಂಡಿದ್ದನೆಂಬುದನ್ನು ಮಾತ್ರ ಮರೆಯುತ್ತೇವೆ.

ಈ ಸಂಬಂಧವು ಕಡಿದುಹೋದುದು ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ. ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಸಂಸ್ಥಾನದ ಕಚೇರಿಗಳಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದಿತು. ೧೯೧೭ರಲ್ಲಿ ಭಾಷಾಂತರ ಕಚೇರಿಯೊಂದು ಏರ್ಪಟ್ಟು, ೧೯೧೮ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಅಲ್ಲಿ ಇತಿಹಾಸ, ವಿಜ್ಞಾನ, ಕಾಯಿದೆ, ವೈದ್ಯ ಮೊದಲಾದ ಎಲ್ಲ ವಿಷಯಗಳನ್ನೂ ಉರ್ದುವಿನಲ್ಲಿ ಬೋಧಿಸುವ ವ್ಯವಸ್ಥೆಯಾಯಿತು. ಇಂಗ್ಲಿಷ್ ಕಡ್ಡಾಯವಾದ ಭಾಷಾವಿಷಯವಾಗಿತ್ತು. ಇಂಗ್ಲಿಷೇ ಉಚ್ಚಶಿಕ್ಷಣದ ಏಕಮಾತ್ರ ಮಾಧ್ಯಮವಾಗಿದ್ದ ಆ ಕಾಲದ ಭಾರತದಲ್ಲಿ ದೇಶಭಾಷೆಯೊಂದರಲ್ಲಿ ವಿಶ್ವವಿದ್ಯಾನಿಲಯವನ್ನು ನಡೆಸಿದ ಸಾಹಸವು ಸಾಮಾನ್ಯವಾದುದಲ್ಲ. ಅದನ್ನು ಮುಕ್ತಕಂಠದಿಂದ ಹೊಗಳಲೇಬೇಕು. ಆದರೆ ಆ ದೇಶಭಾಷೆಯು ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳ ಬಹುಜನರ ಭಾಷೆಯಾಗಿರಲಿಲ್ಲ. ಆಳಂದದ ಹುಡುಗನಿಗೆ ಅದು ದೂರದ ಇಂಗ್ಲಿಷಿನ ಬದಲು ಹತ್ತಿರದ ಉರ್ದು, ಅಷ್ಟೇ. ಎರಡೂ ಅರಮನೆಯ ಮಾತುಗಳೇ.

ಇದರಿಂದ ಆದ ಪರಿಣಾಮವು ಸೂಕ್ಷ್ಮವಾದುದು. ಓದುವುದೆಂದರೆ ಕಚೇರಿಯ ಭಾಷೆಯನ್ನು ಓದುವುದು. ಓದಿದವನೆಂದರೆ ಅರ್ಜಿಯನ್ನು ಬರೆಯಬಲ್ಲವನು, ಪಹಣಿಯನ್ನು ಓದಬಲ್ಲವನು, ವಕೀಲನ ದಸ್ತಾವೇಜನ್ನು ತಿಳಿಯಬಲ್ಲವನು ಎಂಬ ಭಾವನೆಯು ಬೇರೂರಿತು. ೧೯೪೮ರ ಸೆಪ್ಟೆಂಬರ್ ೧೭ರಂದು ಸಂಸ್ಥಾನದ ಆಡಳಿತವು ಕೊನೆಗೊಂಡಿತು. ೧೯೫೬ರ ನವೆಂಬರ್ ೧ರಂದು ಈ ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯವನ್ನು ಸೇರಿದವು. ಕಚೇರಿಯ ಭಾಷೆಯು ಬದಲಾಯಿತು. ಓದಿನ ಅರ್ಥವು ಬದಲಾಗಲಿಲ್ಲ. ಉರ್ದು ಇದ್ದ ಪೀಠದ ಮೇಲೆ ಕೆಲವು ಕಾಲಾನಂತರ ಇಂಗ್ಲಿಷ್ ಬಂದು ಕುಳಿತಿತು. ಓದು ಎಂಬುದು ಅನ್ನದ ದಾರಿ, ಅನ್ನದ ದಾರಿ ಎಂಬುದು ಪರಭಾಷೆ ಎಂಬ ಹಳೆಯ ಸಮೀಕರಣವು ಹಾಗೆಯೇ ಉಳಿಯಿತು.

೪

ಹಾಗಾದರೆ ಕನ್ನಡವು ಈ ಸೀಮೆಯಲ್ಲಿ ಏನಾಗಿತ್ತು? ಅದು ಸತ್ತಿರಲಿಲ್ಲ, ಕಿವಿಯಲ್ಲಿ ಬದುಕಿತ್ತು. ಇದನ್ನು ತಿಳಿಯದೆ ಈ ವಿಷಯದ ವಿಮರ್ಶೆಯು ಪೂರ್ಣವಾಗದು.

ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿ ಕಡಕೋಳದಲ್ಲಿ ನೆಲೆಸಿದ ಮಡಿವಾಳಪ್ಪನವರ ತತ್ವಪದಗಳನ್ನು ಈ ಸೀಮೆಯ ಭಜನೆಯ ಮೇಳಗಳು ಇಂದಿಗೂ ಏಕತಾರಿಯ ಮೇಲೆ ಹಾಡುತ್ತವೆ. ಮೊದಲು ಜೇವರ್ಗಿ ತಾಲೂಕಿನಲ್ಲಿದ್ದ ಕಡಕೋಳವು ಈಗ ಯಡ್ರಾಮಿ ತಾಲೂಕಿಗೆ ಸೇರಿದೆ. ಅವರ ಶಿಷ್ಯಪರಂಪರೆಯಲ್ಲಿ ಚೆನ್ನೂರ ಜಲಾಲಸಾಹೇಬರಂಥ ಮುಸಲ್ಮಾನರೂ ಇದ್ದು ಕನ್ನಡದಲ್ಲಿ ಪದಗಳನ್ನು ಕಟ್ಟಿದರು. ಹದಿನೇಳನೆಯ ಶತಮಾನದಲ್ಲಿ ಜೇವರ್ಗಿಯ ಷಣ್ಮುಖ ಶಿವಯೋಗಿಗಳು 'ಅಖಂಡೇಶ್ವರ' ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದರು. ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ದಾಸೋಹವನ್ನು ನಡೆಸಿದ ಶರಣಬಸವೇಶ್ವರರ ಪುರಾಣವನ್ನು ಹಳ್ಳಿಹಳ್ಳಿಗಳಲ್ಲಿ ಶ್ರಾವಣಮಾಸದಲ್ಲಿ ಹಚ್ಚಿಸುತ್ತಾರೆ. ಒಬ್ಬರು ಪದ್ಯವನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅರ್ಥವನ್ನು ಹೇಳುತ್ತಾರೆ, ಊರಿನವರು ಕೇಳುತ್ತಾರೆ. ಮೊಹರಮ್ಮಿನಲ್ಲಿ ಕರ್ಬಲದ ಕಥೆಯು ರಿವಾಯತ ಪದಗಳಾಗಿ ಕನ್ನಡದಲ್ಲಿಯೇ ಕೇಳಿಬರುತ್ತದೆ.

ಇಂತಹ ಸಮೃದ್ಧಿಯ ನಡುವೆ ಬೆಳೆದ ವಿದ್ಯಾರ್ಥಿಗೆ ಸಾಹಿತ್ಯವು ಅಪರಿಚಿತವೆಂದು ಹೇಳುವುದು ಅನ್ಯಾಯ. ಆದರೆ ಆತನ ಅನುಭವದಲ್ಲಿ ಕನ್ನಡವೆಂಬುದು ಹತ್ತು ಜನರ ನಡುವೆ ಕುಳಿತು ಕೇಳುವ ವಸ್ತು, ಒಬ್ಬನೇ ಕುಳಿತು ಓದುವ ವಸ್ತುವಲ್ಲ. ಇದಕ್ಕೆ ಪ್ರತಿಯಾಗಿ ಓದು ಎಂಬುದು ಒಬ್ಬನೇ ಕುಳಿತು, ಭಯದಿಂದ, ಪರೀಕ್ಷೆಗಾಗಿ ಮಾಡುವ ಕೆಲಸ. ಅದರ ಭಾಷೆಯು ಅನ್ಯ. ಹೀಗೆ ಪ್ರೀತಿಯು ಒಂದು ಭಾಷೆಗೆ, ಗೌರವವು ಇನ್ನೊಂದು ಭಾಷೆಗೆ ಹಂಚಿಹೋಯಿತು. ಪ್ರೀತಿಯಿರುವಲ್ಲಿ ಪುಸ್ತಕವಿಲ್ಲ, ಪುಸ್ತಕವಿರುವಲ್ಲಿ ಪ್ರೀತಿಯಿಲ್ಲ. ಕನ್ನಡದ ಅಧ್ಯಾಪಕರ ದೂರೂ ಇಂಗ್ಲಿಷ್ ಅಧ್ಯಾಪಕರ ದೂರೂ ಹುಟ್ಟುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಕನ್ನಡವನ್ನು ಬಲ್ಲೆನಾದುದರಿಂದ ಓದಬೇಕಾದುದಿಲ್ಲವೆಂದು ವಿದ್ಯಾರ್ಥಿಯು ತಿಳಿಯುತ್ತಾನೆ; ಇಂಗ್ಲಿಷನ್ನು ಅರಿಯೆನಾದುದರಿಂದ ಓದಲು ಸಾಧ್ಯವಿಲ್ಲವೆಂದು ತಿಳಿಯುತ್ತಾನೆ. ಎರಡು ಕಡೆಯೂ ಪುಸ್ತಕವು ಮುಚ್ಚಿಯೇ ಇರುತ್ತದೆ.

ಆ ಜಾಗವನ್ನು ತುಂಬುವುದು ಗೈಡು ಮತ್ತು ನೋಟ್ಸು. ಕಾದಂಬರಿಯನ್ನು ಓದದೆ ಕಾದಂಬರಿಯ ಸಾರಾಂಶವನ್ನು ಓದುವುದು, ಕಾವ್ಯವನ್ನು ಓದದೆ ಕವಿಯ ಕಾಲ-ದೇಶಗಳನ್ನು ಕಂಠಪಾಠ ಮಾಡುವುದು ಇಂದು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಸಮಾನವಾಗಿದೆ. ಇದಕ್ಕೆ ವಿದ್ಯಾರ್ಥಿಯನ್ನು ಮಾತ್ರ ಹಳಿಯುವುದು ಸರಿಯಲ್ಲ. ನಮ್ಮ ಪ್ರಶ್ನಪತ್ರಿಕೆಗಳು ಕೃತಿಯನ್ನು ಓದಿದವನನ್ನೂ ಸಾರಾಂಶವನ್ನು ಓದಿದವನನ್ನೂ ಬೇರ್ಪಡಿಸಲಾರವು. ಕೆಲವೊಮ್ಮೆ ಸಾರಾಂಶವನ್ನು ಓದಿದವನಿಗೇ ಹೆಚ್ಚು ಅಂಕಗಳು ದೊರೆಯುತ್ತವೆ. ಜಾಣನಾದ ವಿದ್ಯಾರ್ಥಿಯು ಇದನ್ನು ಮೊದಲ ವರ್ಷದಲ್ಲಿಯೇ ಅರಿತುಕೊಳ್ಳುತ್ತಾನೆ.

೫

ಈ ವಿಷಯದಲ್ಲಿ ಸಾಮಾನ್ಯವಾಗಿ ಕೊಡಲಾಗುವ ಮೂರು ಸಮಾಧಾನಗಳನ್ನು ಈಗ ಪರಿಶೀಲಿಸಬಹುದು.

ನಿಜಾಮರ ಆಡಳಿತವು ಕನ್ನಡದ ಓದನ್ನು ಕೊಂದಿತೆಂಬುದು ಮೊದಲನೆಯದು. ಇದರಲ್ಲಿ ಸತ್ಯಾಂಶವಿದೆ, ಆದರೆ ಪೂರ್ಣ ಸತ್ಯವಿಲ್ಲ. ಉರ್ದು ಮಾಧ್ಯಮದಲ್ಲಿ ಕಲಿತವರೇ ಕನ್ನಡದಲ್ಲಿ ಬರೆದುದುಂಟು. 'ಕಾವ್ಯಾನಂದ'ರೆಂದು ಪ್ರಸಿದ್ಧರಾದ ಸಿದ್ದಯ್ಯ ಪುರಾಣಿಕರು ಉಸ್ಮಾನಿಯಾದಲ್ಲಿ ಓದಿದವರು. ರಾಯಚೂರು ಸೀಮೆಯ ಶಾಂತರಸರು ಉರ್ದು ಕಾವ್ಯದ ಓದಿನಿಂದ ಗಜಲ್ ಎಂಬ ರೂಪವನ್ನು ಕನ್ನಡಕ್ಕೆ ತಂದು ನೆಲೆಗೊಳಿಸಿದರು. ಪರಭಾಷೆಯು ತನ್ನಷ್ಟಕ್ಕೆ ಸ್ವಭಾಷೆಯ ಶತ್ರುವಾಗಿದ್ದರೆ ಇದು ಸಂಭವಿಸುತ್ತಿರಲಿಲ್ಲ. ಅಲ್ಲದೆ ಏಕೀಕರಣವಾಗಿ ಏಳು ದಶಕಗಳಾಗಿವೆ. ಎಲ್ಲ ದೋಷವನ್ನೂ ಹೋದವರ ತಲೆಗೆ ಕಟ್ಟುವುದು ಇತಿಹಾಸವಾಗುವುದಿಲ್ಲ, ಸಬೂಬಾಗುತ್ತದೆ.

ಇಂಗ್ಲಿಷಿನ ಮೋಹವು ಕನ್ನಡದ ಓದನ್ನು ಕೆಡಿಸಿತೆಂಬುದು ಎರಡನೆಯದು. ಮೋಹವಿದ್ದಿದ್ದರೆ ಇಂಗ್ಲಿಷ್ ಪುಸ್ತಕಗಳಾದರೂ ಗ್ರಂಥಾಲಯದ ಕಪಾಟಿನಿಂದ ಹೊರಗೆ ಬರಬೇಕಾಗಿತ್ತು. ಈ ಸೀಮೆಯ ಕಾಲೇಜುಗಳ ಗ್ರಂಥಾಲಯಗಳನ್ನು ಕಂಡವರು ಹಾಗಾಗಿದೆಯೆಂದು ಹೇಳಲಾರರು. ಇಲ್ಲಿರುವುದು ಇಂಗ್ಲಿಷಿನ ಮೋಹವಲ್ಲ, ಇಂಗ್ಲಿಷಿನ ಭಯ ಮತ್ತು ಇಂಗ್ಲಿಷಿನಿಂದ ದೊರೆಯಬಹುದಾದ ನೌಕರಿಯ ಆಸೆ.

ಮೂರನೆಯದು ಮೊಬೈಲ್ ದೂರವಾಣಿಯನ್ನು ಕುರಿತುದು. ಅದು ಹೊತ್ತನ್ನು ನುಂಗುತ್ತದೆಂಬುದು ನಿರ್ವಿವಾದ. ಆದರೆ ಇಲ್ಲಿಯ ವಿದ್ಯಾರ್ಥಿಗಳು ಏಕಾಂತವಾಗಿ ಓದುವ ರೂಢಿಯನ್ನು ಪಡೆದು ಆಮೇಲೆ ಕಳೆದುಕೊಂಡವರಲ್ಲ; ಆ ರೂಢಿಯು ಬಹುಜನರಿಗೆ ದೊರೆತೇ ಇರಲಿಲ್ಲ. ಇಲ್ಲದಿದ್ದುದನ್ನು ಕಳೆದ ಅಪರಾಧವನ್ನು ಒಂದು ಯಂತ್ರದ ಮೇಲೆ ಹೊರಿಸುವುದು ತರ್ಕಕ್ಕೆ ನಿಲ್ಲುವುದಿಲ್ಲ.

ಅನ್ಯದೇಶಗಳ ವಿದ್ವಾಂಸರು ಈ ಪ್ರಶ್ನೆಯನ್ನು ಹೇಗೆ ಕಂಡಿದ್ದಾರೆಂಬುದನ್ನು ನೋಡುವುದು ಉಪಯುಕ್ತ. ಬಂಗಾಳದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಮೈಕೇಲ್ ವೆಸ್ಟರು ೧೯೨೬ರಲ್ಲಿ ಪ್ರಕಟಿಸಿದ ದ್ವಿಭಾಷಿಕತೆಯ ವಿಷಯದ ಗ್ರಂಥದಲ್ಲಿ, ಬಂಗಾಳಿ ವಿದ್ಯಾರ್ಥಿಗೆ ಎಲ್ಲಕ್ಕಿಂತ ಮೊದಲು ಬೇಕಾದುದು ಇಂಗ್ಲಿಷನ್ನು ಓದುವ ಶಕ್ತಿಯೆಂದು ವಾದಿಸಿ, ಮುಂದೆ ಅದಕ್ಕೆ ತಕ್ಕ ವಾಚನಮಾಲೆಗಳನ್ನು ರಚಿಸಿದರು. ಮಾತಿಗಿಂತ ಓದನ್ನು ಮುಂದಿಟ್ಟ ಈ ವಿಚಾರವು ನಮ್ಮ ಇಂದಿನ 'ಮಾತನಾಡುವ ಇಂಗ್ಲಿಷ್' ತರಗತಿಗಳ ಗದ್ದಲದಲ್ಲಿ ಮರೆತುಹೋಗಿದೆ. ಪರಭಾಷೆಯನ್ನು ಓದಲು ಆಗದಿರುವುದು ಓದಿನ ಸಮಸ್ಯೆಯೋ ಭಾಷೆಯ ಸಮಸ್ಯೆಯೋ ಎಂಬ ಪ್ರಶ್ನೆಯನ್ನು ೧೯೮೪ರಲ್ಲಿ ಚಾರ್ಲ್ಸ್ ಆಲ್ಡರ್ಸನ್ ಎತ್ತಿದರು. ಎರಡೂ ಹೌದು, ಆದರೆ ಭಾಷಾಜ್ಞಾನವು ಒಂದು ಮಟ್ಟವನ್ನು ಮುಟ್ಟುವವರೆಗೆ ಸ್ವಭಾಷೆಯ ಓದಿನ ಕೌಶಲವು ಪರಭಾಷೆಯಲ್ಲಿ ಸಹಾಯಕ್ಕೆ ಬರಲಾರದು ಎಂಬ ಕಡೆಗೆ ಅವರ ವಿವೇಚನೆಯು ವಾಲಿತು. ಆದುದರಿಂದ ಕನ್ನಡವನ್ನು ಓದಿದ ಮಾತ್ರದಿಂದ ಇಂಗ್ಲಿಷ್ ತಾನಾಗಿ ಬರುವುದೆಂದು ನಂಬುವುದು ತಪ್ಪು.

ಆದರೆ ಕೌಶಲದ ಮಾತು ಬೇರೆ, ಮನೋಭಾವದ ಮಾತು ಬೇರೆ. ಜಪಾನಿನ ಜುಂಕೊ ಯಮಾಶಿತಾ ಅವರು ಇಂಗ್ಲಿಷನ್ನು ಕಲಿಯುತ್ತಿದ್ದ ಅಲ್ಲಿಯ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳನ್ನು ಪರಿಶೀಲಿಸಿ ೨೦೦೪ರಲ್ಲಿ ಪ್ರಕಟಿಸಿದ ಲೇಖನವು ಈ ದೃಷ್ಟಿಯಿಂದ ಮಹತ್ವದ್ದು. ಸ್ವಭಾಷೆಯ ಓದಿನ ಬಗೆಗಿನ ಮನೋಭಾವವು ಪರಭಾಷೆಯ ಓದಿಗೂ ಹರಿದುಬರುತ್ತದೆ ಎಂಬುದು ಅವರ ಒಂದು ನಿರ್ಣಯ. ಓದು ಪ್ರಯೋಜನಕರವೆಂದು ಬರಿಯೆ ಒಪ್ಪಿಕೊಳ್ಳುವುದರಿಂದ ವಿದ್ಯಾರ್ಥಿಯು ಹೆಚ್ಚು ಓದುವುದಿಲ್ಲ, ಓದುವಾಗ ನೆಮ್ಮದಿಯನ್ನು ಅನುಭವಿಸುವವನು ಮತ್ತು ತಾನು ಓದಬಲ್ಲೆನೆಂಬ ಭರವಸೆಯುಳ್ಳವನು ಹೆಚ್ಚು ಓದುತ್ತಾನೆ ಎಂಬುದು ಇನ್ನೊಂದು. ಜಪಾನಿಗೂ ಜೇವರ್ಗಿಗೂ ಬಹಳ ಅಂತರವಿದೆ. ಅಲ್ಲಿಯ ನಿರ್ಣಯವನ್ನು ಇಲ್ಲಿ ಹಾಗೆಯೇ ಹಚ್ಚಬಾರದು. ಆದರೂ ನಮ್ಮ ವಿದ್ಯಾರ್ಥಿಯ ಇಂಗ್ಲಿಷಿನ ಗೌರವವು ಓದಾಗಿ ಪರಿಣಮಿಸದಿರುವುದಕ್ಕೆ ಇದು ತಕ್ಕ ವಿವರಣೆಯನ್ನು ಕೊಡುತ್ತದೆ. ಪ್ರಯೋಜನದ ಅರಿವು ಆತನಿಗೆ ಬೇಕಾದಷ್ಟಿದೆ, ಇಲ್ಲದಿರುವುದು ನೆಮ್ಮದಿ. ನೆಮ್ಮದಿಯ ಅನುಭವವು ಮೊದಲು ದೊರೆಯಬಹುದಾದ ಸ್ಥಳವು ಸ್ವಭಾಷೆಯ ಪುಸ್ತಕ. ಅದನ್ನು ನಾವು ಆತನ ಕೈಗೆ ಕೊಟ್ಟಿಲ್ಲ.

೬

ಹಾಗೆಂದು ಈ ಸೀಮೆಯಲ್ಲಿ ಪ್ರೀತಿ ಮತ್ತು ಗೌರವಗಳು ಒಂದೇ ಓದಿನಲ್ಲಿ ಸೇರಿದ ದೃಷ್ಟಾಂತಗಳಿಲ್ಲವೆಂದಲ್ಲ. ಅವುಗಳಲ್ಲಿ ಒಂದನ್ನು ವಿಶೇಷವಾಗಿ ಹೇಳಬೇಕು. ಅಫಜಲಪುರ ತಾಲೂಕಿನಲ್ಲಿ ಭೀಮಾ-ಅಮರಜಾ ಸಂಗಮದ ಬಳಿಯಿರುವ ದೇವಲ ಗಾಣಗಾಪುರವು ದತ್ತ ಸಂಪ್ರದಾಯದ ದೊಡ್ಡ ಕ್ಷೇತ್ರ. ಅಲ್ಲಿ ನೆಲೆಸಿದ್ದ ಶ್ರೀ ನರಸಿಂಹ ಸರಸ್ವತಿಗಳ ಚರಿತ್ರೆಯನ್ನು ಹೇಳುವ 'ಗುರುಚರಿತ್ರೆ'ಯು ಮರಾಠಿ ಓವಿಗಳಲ್ಲಿದೆ. ಮಹಾರಾಷ್ಟ್ರದ ಮನೆಮನೆಗಳಲ್ಲಿ ಅದರ ಸಪ್ತಾಹ ಪಾರಾಯಣವು ನಡೆಯುತ್ತದೆ. ಅದರ ಕರ್ತೃವಾದ ಸರಸ್ವತಿ ಗಂಗಾಧರನು ಆಳಂದ ತಾಲೂಕಿನ ಕಡಗಂಚಿಯ ಸಾಯಂದೇವನ ವಂಶದವನು. ಮರಾಠಿಯು ತನಗೆ ಚೆನ್ನಾಗಿ ಬರುವ ಭಾಷೆಯಲ್ಲವೆಂಬ ಭಾವದ ಮಾತನ್ನು ಆತನೇ ಗ್ರಂಥದಲ್ಲಿ ಹೇಳಿಕೊಂಡಿದ್ದಾನೆ. ಗುರುವಿನ ಸ್ತುತಿಯ ಕನ್ನಡ ಪದಗಳು ಆ ಮರಾಠಿ ಗ್ರಂಥದ ನಡುವೆಯೇ ಸೇರಿವೆ. ಕನ್ನಡ ಮನೆಮಾತಿನವನೊಬ್ಬನು ಕಲಿತ ಭಾಷೆಯಲ್ಲಿ ಬರೆದ ಗ್ರಂಥವು ಆ ಭಾಷೆಯವರಿಗೇ ನಿತ್ಯಪಾರಾಯಣದ ಗ್ರಂಥವಾಯಿತು. ಇದಕ್ಕಿಂತ ಹೆಚ್ಚಿನ ಧೈರ್ಯದ ಪಾಠವನ್ನು ಆಳಂದದ ವಿದ್ಯಾರ್ಥಿಗೆ ಯಾವ ಭಾಷಾಶಾಸ್ತ್ರಜ್ಞನೂ ಹೇಳಲಾರನು. ೨೦೦೯ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾನಿಲಯವು ಇಂದು ಅದೇ ಕಡಗಂಚಿಯಲ್ಲಿದೆ. ಆ ಆವರಣಕ್ಕೆ ಕಾಲಿಡುವ ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಈ ಸಂಗತಿಯು ತಿಳಿದಿದೆ?

ನನ್ನ ವಿಷಯವಾದ ಇತಿಹಾಸದ ದೃಷ್ಟಿಯಿಂದ ಈ ಪ್ರಶ್ನೆಯು ಇನ್ನೂ ತೀವ್ರವಾದುದು. ಆಳಂದ ಪಟ್ಟಣದ ಇತಿಹಾಸವನ್ನು ಬರೆಯಹೊರಟ ವಿದ್ಯಾರ್ಥಿಗೆ ಏನೇನು ಬೇಕಾಗುತ್ತದೆಂಬುದನ್ನು ಎಣಿಸಿ ನೋಡಬಹುದು. ಅಲ್ಲಿ ಹುಟ್ಟಿದ ಏಕಾಂತದ ರಾಮಯ್ಯನ ವೃತ್ತಾಂತವು ಅಬ್ಬಲೂರಿನ ಕನ್ನಡ ಶಾಸನದಲ್ಲಿಯೂ ಹರಿಹರನ ರಗಳೆಯಲ್ಲಿಯೂ ಇದೆ. ಲಾಡ್ಲೆ ಮಶಾಯಿಖರ ದರ್ಗಾದ ಪರಂಪರೆಯನ್ನು ಅರಿಯಲು ಪಾರಸಿ-ಉರ್ದುಗಳ ಸಹಾಯ ಬೇಕು. ಬಹಮನಿ ಅರಸರ ಕಾಲಕ್ಕೆ ಫಿರಿಶ್ತಾನ ಪಾರಸಿ ಇತಿಹಾಸವಿದೆ. ಅದನ್ನು ನಮ್ಮ ವಿದ್ಯಾರ್ಥಿಯು ೧೮೨೯ರಲ್ಲಿ ಪ್ರಕಟವಾದ ಬ್ರಿಗ್ಸನ ಇಂಗ್ಲಿಷ್ ಭಾಷಾಂತರದಲ್ಲಿ ಓದಬೇಕಾಗುತ್ತದೆ. ಸುತ್ತಣ ಊರುಗಳ ಜನಜೀವನಕ್ಕೆ ಮರಾಠಿಯ ಗುರುಚರಿತ್ರೆಯೂ ಕನ್ನಡದ ತತ್ವಪದಗಳೂ ಆಕರಗಳು. ಒಂದೇ ಭಾಷೆಯನ್ನು ಓದಬಲ್ಲವನು ಈ ಊರಿನ ಇತಿಹಾಸದ ಒಂದು ಮಗ್ಗುಲನ್ನು ಮಾತ್ರ ಕಾಣುತ್ತಾನೆ. ಆ ಒಂದು ಮಗ್ಗುಲನ್ನೇ ಪೂರ್ಣವೆಂದು ನಂಬುತ್ತಾನೆ. ಇಂತಹ ಅರೆನೋಟಗಳು ಊರಿನಲ್ಲಿ ವೈಮನಸ್ಯಕ್ಕೆ ಕಾರಣವಾಗುವುದನ್ನೂ ನಾವು ಕಾಣದೆ ಇಲ್ಲ. ಆದುದರಿಂದ ಓದಿನ ಪ್ರಶ್ನೆಯು ಕೇವಲ ಅಂಕಗಳ ಪ್ರಶ್ನೆಯಲ್ಲ, ನೌಕರಿಯ ಪ್ರಶ್ನೆಯೂ ಅಲ್ಲ. ನೆರೆಯವನನ್ನು ತಿಳಿಯುವ ಪ್ರಶ್ನೆ.

ಇಷ್ಟನ್ನು ಹೇಳಿದ ಮೇಲೆ ಕಾರ್ಯಸಾಧ್ಯವಾದ ಕೆಲವು ಸೂಚನೆಗಳನ್ನು ಮುಂದಿಡುವುದು ಉಚಿತ. ಮೊದಲನೆಯದಾಗಿ, ಕೇಳುವ ಕನ್ನಡದಿಂದ ಓದುವ ಕನ್ನಡಕ್ಕೆ ಸೇತುವೆಯು ಬೇಕು. ವಿದ್ಯಾರ್ಥಿಯು ಬಾಲ್ಯದಿಂದ ಕೇಳಿದ ತತ್ವಪದಗಳು ಈಗ ಸಂಪುಟಗಳಾಗಿ ಅಚ್ಚಾಗಿವೆ. ಕಿವಿಗೆ ಪರಿಚಿತವಾದುದನ್ನು ಕಣ್ಣಿನಿಂದ ಓದುವಾಗ ಭಯವಿರುವುದಿಲ್ಲ. ಪದವಿಯ ಮೊದಲ ವರ್ಷದ ಪಠ್ಯದಲ್ಲಿ ಪಂಪನಿಗಿಂತ ಮೊದಲು ಮಡಿವಾಳಪ್ಪನವರಿಗೆ ಸ್ಥಳವಿರಬೇಕು. ಎರಡನೆಯದಾಗಿ, ಕನ್ನಡ ಮತ್ತು ಇಂಗ್ಲಿಷ್ ವಿಭಾಗಗಳು ಒಂದೇ ಕೃತಿಯನ್ನು ಎರಡು ಭಾಷೆಗಳಲ್ಲಿ ಏಕಕಾಲಕ್ಕೆ ಓದಿಸಬೇಕು. ವಚನಗಳಿಗೂ ಇಂದಿನ ಅನೇಕ ಕನ್ನಡ ಕಾದಂಬರಿಗಳಿಗೂ ಇಂಗ್ಲಿಷ್ ಭಾಷಾಂತರಗಳಿವೆ. ಅರ್ಥವು ಮೊದಲೇ ತಿಳಿದಿರುವ ಪುಸ್ತಕವು ಪರಭಾಷೆಯಲ್ಲಿಯೂ ಅಷ್ಟು ಹೆದರಿಸುವುದಿಲ್ಲ. ಉರ್ದು ಮತ್ತು ಮರಾಠಿ ಮನೆಮಾತಿನ ವಿದ್ಯಾರ್ಥಿಗಳಿಗೂ ಇದೇ ಕ್ರಮವು ಅನ್ವಯಿಸುತ್ತದೆ. ಅವರು ತಮ್ಮ ಭಾಷೆಯ ಒಂದು ಪುಟವನ್ನು ಕನ್ನಡಕ್ಕೆ ತಂದು ತರಗತಿಗೆ ಓದಿ ಹೇಳಿದರೆ ಲಾಭವು ಇಡೀ ತರಗತಿಗೆ. ಅಚ್ಚಿನ ಪುಟ ವಿರಳವಾದ ಗೋರಬೋಲಿಯ ವಿದ್ಯಾರ್ಥಿಯು ತಾಂಡಾದ ಹಾಡೊಂದನ್ನು ಕನ್ನಡ ಲಿಪಿಯಲ್ಲಿ ಬರೆದು ತರಬಹುದು. ಮೂರನೆಯದಾಗಿ, ವಾರಕ್ಕೆ ಒಂದು ಗಂಟೆಯಾದರೂ ಪರೀಕ್ಷೆಗೆ ಸಂಬಂಧಿಸದ ಓದಿಗೆ ಮೀಸಲಾಗಬೇಕು. ಆ ಹೊತ್ತಿನಲ್ಲಿ ಅಧ್ಯಾಪಕನೂ ತನ್ನ ಪುಸ್ತಕವನ್ನು ಹಿಡಿದು ಓದುತ್ತ ಕುಳಿತಿರಬೇಕು. ನಾಲ್ಕನೆಯದಾಗಿ, ಕೃತಿಯನ್ನು ಓದದವನು ಉತ್ತರಿಸಲಾಗದ ಒಂದು ಪ್ರಶ್ನೆಯಾದರೂ ಪ್ರತಿಯೊಂದು ಪತ್ರಿಕೆಯಲ್ಲಿರಬೇಕು.

ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಕಾಗಿಲ್ಲ. ೨೦೧೨ರ ಸಂವಿಧಾನ ತಿದ್ದುಪಡಿಯಿಂದ ಬಂದ ೩೭೧ (ಜೆ) ವಿಧಿಯು ಈ ಪ್ರದೇಶದ ವಿದ್ಯಾರ್ಥಿಗಳಿಗೆ ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ಮೀಸಲಾತಿಯ ಬಾಗಿಲನ್ನು ತೆರೆದಿದೆ. ಕಟ್ಟಡಗಳು ಎದ್ದಿವೆ, ಹುದ್ದೆಗಳು ಮಂಜೂರಾಗಿವೆ. ಆ ಬಾಗಿಲಿನಿಂದ ಒಳಗೆ ಹೋದವನು ಅಲ್ಲಿ ನಿಲ್ಲಬೇಕಾದರೆ ಆತನ ಕೈಯಲ್ಲಿ ಓದು ಇರಬೇಕು. ಯಾವ ಭಾಷೆಯ ಓದು ಎಂದು ಕೇಳಿದರೆ, ಕವಿರಾಜಮಾರ್ಗಕಾರನೂ ಕಡಗಂಚಿಯ ಸರಸ್ವತಿ ಗಂಗಾಧರನೂ ಕೊಡುವ ಉತ್ತರವು ಒಂದೇ: ಎರಡೂ, ಮತ್ತು ಒಂದರಿಂದ ಇನ್ನೊಂದಕ್ಕೆ. ಈ ದಿಶೆಯಲ್ಲಿ ಭಾಷಾವಿಭಾಗಗಳೂ ಇತಿಹಾಸ ವಿಭಾಗಗಳೂ ಕೂಡಿ ಕೆಲಸ ಮಾಡುವುದು ಅವಶ್ಯವೆಂದು ಸೂಚಿಸಿ, ಈ ವಿಷಯದ ಹೆಚ್ಚಿನ ವಿವೇಚನೆಯನ್ನು ವಾಚಕರಿಗೆ ಬಿಟ್ಟಿದ್ದೇನೆ.